ಸಖಿಯರೊಳಗಿನ ಮಾತು

ಕಾಳಿದಾಸನ ಶಾಕುಂತಲದ ಮೊದಲನೆಯ ಅಂಕದಲ್ಲಿ, ಕಣ್ವಾಶ್ರಮದ ಗಿಡಗಳಿಗೆ ನೀರೆರೆಯುತ್ತಿರುವ ಮೂವರು ಕನ್ಯೆಯರ ನಡುವೆ, ಕಥೆಯ ಮುನ್ನಡೆಗೆ ಅಷ್ಟೇನೂ ಅವಶ್ಯವಲ್ಲದ, ಆದರೆ ಓದಿದವರಾರೂ ಮರೆಯಲಾರದ ಒಂದು ಪುಟ್ಟ ಪ್ರಸಂಗವುಂಟು. ಪ್ರಿಯಂವದೆ ಬಿಗಿದು ಕಟ್ಟಿದ ನಾರುಡೆಯಿಂದ ತನ್ನೆದೆ ಹಿಡಿದಂತಾಗಿದೆಯೆಂದು ಶಕುಂತಲೆ ಹೇಳಿಕೊಳ್ಳುತ್ತಾಳೆ. ಅನಸೂಯೆ ಬಂದು ಗಂಟನ್ನು ಸಡಿಲಿಸುತ್ತಾಳೆ. ತಪ್ಪು ತನ್ನ ಕೈಯದಲ್ಲ, ಮೈದುಂಬುತ್ತಿರುವ ಹರೆಯದ್ದೆಂದು ಪ್ರಿಯಂವದೆ ನಗುತ್ತಾಳೆ. ಮರೆಯಲ್ಲಿ ನಿಂತ ದುಷ್ಯಂತನ ಕಣ್ಣಿನಿಂದ ಈ ಸನ್ನಿವೇಶವನ್ನು ನೋಡಿದ ಸಹೃದಯರು ಅದರಲ್ಲಿ ಶೃಂಗಾರದ ಬೀಜವನ್ನು ಕಂಡಿದ್ದಾರೆ, ಅದು ಸಹಜವೂ ಹೌದು. ಆ ಹುಡುಗಿಯರ ಕಡೆಯಿಂದ ನೋಡುವವರಿಗಾದರೋ ಅಲ್ಲಿ ಕಾಣುವುದು ಬೇರೊಂದು: ಬೆಳೆಯುವ ಮೈಗೆ ಉಡುಪು ಒಗ್ಗದೆ ಆದ ನೋವನ್ನು ಒಬ್ಬಳು ಸಂಕೋಚವಿಲ್ಲದೆ ಹೇಳಿದಳು, ಮತ್ತೊಬ್ಬಳು ಕೈಯಾರೆ ಅದನ್ನು ಪರಿಹರಿಸಿದಳು, ಮೂರನೆಯವಳು ಇದು ವಯೋಧರ್ಮವೆಂದು ತಿಳಿಹೇಳಿ ಅಳುಕನ್ನು ಕಳೆದಳು.

ಇಂತಹ ಸಖೀಜನ ನಮ್ಮ ಹೆಣ್ಣುಮಕ್ಕಳ ಪಾಲಿಗೆ ಇಂದು ಎಷ್ಟರಮಟ್ಟಿಗೆ ಉಳಿದಿದ್ದಾರೆಂದು ಯೋಚಿಸಿದಾಗ ಮನಸ್ಸಿಗೆ ಖೇದವಾಗುತ್ತದೆ. ಹದಿಮೂರು ಹದಿನಾಲ್ಕರ ಹುಡುಗಿ ತನ್ನ ಮೊದಲ ಒಳಅಂಗಿಯನ್ನು ಕೊಳ್ಳಲು ತಾಯಿಯೊಡನೆ ಪೇಟೆಯ ಫ್ಯಾನ್ಸಿ ಸ್ಟೋರಿಗೆ ಹೋಗುತ್ತಾಳೆ. ಅಲ್ಲಿ ಸಾಮಾನು ತೆಗೆದುಕೊಡಲು ನಿಂತವನು ಬಹುಮಟ್ಟಿಗೆ ಗಂಡಸು. ತಾಯಿ ದನಿ ತಗ್ಗಿಸಿ ಒಂದು ಅಂಕಿಯನ್ನು ಹೇಳುತ್ತಾಳೆ. ಆತ ಪೆಟ್ಟಿಗೆಯೊಂದನ್ನು ತೆಗೆದು ವೃತ್ತಪತ್ರಿಕೆಯಲ್ಲಿ ಸುತ್ತಿ ಕೊಡುತ್ತಾನೆ. ಹಾಕಿ ನೋಡುವಂತಿಲ್ಲ, ಹಿಂತಿರುಗಿಸುವಂತಿಲ್ಲ, ಆ ಅಂಕಿ ಎಲ್ಲಿಂದ ಬಂದಿತೆಂದು ಮಗಳು ತಾಯಿಯನ್ನು ಕೇಳುವಂತೆಯೂ ಇಲ್ಲ. ಅದೇ ಹುಡುಗಿ ಮುಂದೆ ತಾನೇ ತಾಯಿಯಾಗಿ, ಆಸ್ಪತ್ರೆಯ ಮಂಚದ ಮೇಲೆ, ಅಳುವ ಕೂಸನ್ನು ಎದೆಗೆ ಹಿಡಿಯುವ ಬಗೆ ತಿಳಿಯದೆ ಕಣ್ಣೀರಿಡುವಾಗಲೂ ಅವಳ ಸುತ್ತ ಇರುವುದು ಅದೇ ಮೌನ. ಬ್ರಾದ ಅಳತೆ, ಕೂಸಿಗೆ ಮೊಲೆಯೂಡುವ ಕ್ರಮ, ಇವೆರಡೂ ಒಂದೇ ಅವಯವಕ್ಕೆ ಸೇರಿದವು, ಇವೆರಡನ್ನೂ ಹೆಣ್ಣು ಹೆಣ್ಣಿನಿಂದಲೇ ಕಲಿಯಬೇಕಾದದ್ದು, ಮತ್ತು ಇವೆರಡರಲ್ಲಿ ಒದಗುವ ನೋವಿನ ಬಹುಪಾಲು ಪರಿಹಾರ್ಯವಾದದ್ದು. ಪರಿಹಾರವನ್ನು ಬಲ್ಲವರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರು ಬಾಯಿಬಿಟ್ಟು ಹೇಳಬೇಕು, ಕೇಳುವವರು ನಾಚದೆ ಕೇಳಬೇಕು ಎಂಬುದಷ್ಟೇ ನನ್ನ ಪ್ರತಿಪಾದ್ಯ.

ಮುಂಗಡೆ ಗಂಟು ಹಾಕುವ ಕುಪ್ಪಸವನ್ನು ತೊಟ್ಟ ನಮ್ಮ ಹಿಂದಿನವರಿಗೆ ಅಳತೆಯ ಈ ತೊಡಕಿರಲಿಲ್ಲ. ಮೈ ತುಂಬಿದರೆ ಗಂಟನ್ನು ಸಡಿಲಗೊಳಿಸುತ್ತಿದ್ದರು, ಇಳಿದರೆ ಬಿಗಿಯುತ್ತಿದ್ದರು. ಕೂಸು ಅತ್ತರೆ ಗಂಟು ಬಿಚ್ಚಿ ಸೆರಗು ಮರೆಮಾಡಿದರೆ ತೀರುತ್ತಿತ್ತು. ಹಿರಿಯ ಹೆಂಗಸರು ಈಗಲೂ 'ಬಾಡಿ' ಎಂದು ಕರೆಯುವ ಬ್ರಾ ಪಾಶ್ಚಾತ್ಯ ದೇಶದಿಂದ ಬಂದ ಉಡುಪು. ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎಂಬ ತರುಣಿ ಎರಡು ಕರವಸ್ತ್ರಗಳನ್ನೂ ಒಂದಿಷ್ಟು ರಿಬ್ಬನ್ನನ್ನೂ ಕೂಡಿಸಿ ಹೊಲಿಸಿಕೊಂಡ ಉಡುಪಿಗೆ 1914ರಲ್ಲಿ ಪೇಟೆಂಟ್ ಪಡೆದಳು. ಸ್ತನಗಳ ಗಾತ್ರವನ್ನು ಎ, ಬಿ, ಸಿ, ಡಿ ಎಂಬ ಅಕ್ಷರಗಳಿಂದ ಸೂಚಿಸುವ ಪರಿಪಾಟಿಯನ್ನು 1932ರಲ್ಲಿ ಅಲ್ಲಿಯದೇ ಎಸ್. ಎಚ್. ಕ್ಯಾಂಪ್ ಎಂಬ ಕಂಪನಿ ಆರಂಭಿಸಿತು. ಉಡುಪು ನಮ್ಮಲ್ಲಿಗೆ ಬಂದಿತು. ಅದನ್ನು ಅಳೆದುಕೊಳ್ಳುವ ವಿದ್ಯೆ ಅದರ ಜೊತೆಯಲ್ಲಿ ಬರಲಿಲ್ಲ. ಆದಕಾರಣವೇ ಇಂದಿಗೂ ಅಸಂಖ್ಯ ಸ್ತ್ರೀಯರು, ಎಂದೋ ಯಾರೋ ಹೇಳಿದ ಅಂಕಿಯನ್ನೇ ಹಿಡಿದು, ಮದುವೆಗೆ ಮುಂಚೆಯೂ ಎರಡು ಹೆರಿಗೆಗಳ ಅನಂತರವೂ ಒಂದೇ ಅಳತೆಯನ್ನು ಕೊಳ್ಳುತ್ತ, ಹೆಗಲ ಮೇಲೆ ಕಪ್ಪಗೆ ಕುಳಿಬಿದ್ದ ಗೆರೆಗಳನ್ನೂ ಸಂಜೆಯ ಬೆನ್ನುನೋವನ್ನೂ ಹೆಣ್ಣುಜನ್ಮದ ಪಾಡೆಂದು ಸಹಿಸಿಕೊಂಡಿದ್ದಾರೆ.

ಅಳತೆಯಲ್ಲಿ ಗೂಢವೇನೂ ಇಲ್ಲ. 34 ಎಂಬಂಥ ಅಂಕಿ ಎದೆಗೂಡನ್ನು ಬಳಸುವ ಪಟ್ಟಿಯದು. ಅದರ ಪಕ್ಕದ ಅಕ್ಷರ ಸ್ತನಗಳು ಆ ಪಟ್ಟಿಯಿಂದ ಎಷ್ಟು ಮುಂಚಾಚಿವೆಯೆಂಬುದರ ಸೂಚನೆ. ಸ್ತನಗಳ ಕೆಳಗೆ, ಉಸಿರನ್ನು ಬಿಟ್ಟು, ಟೇಪನ್ನು ಬಿಗಿಯಾಗಿ ಸುತ್ತಿ ಬಂದ ಇಂಚುಗಳನ್ನು ಹತ್ತಿರದ ಸಮಸಂಖ್ಯೆಗೆ ತಂದರೆ ಪಟ್ಟಿಯ ಅಳತೆಯಾಯಿತು. ಎದೆಯ ಅತ್ಯಂತ ತುಂಬಿದ ಭಾಗದಲ್ಲಿ ಟೇಪನ್ನು ಬಿಗಿಯದೆ ಹಿಡಿದು ಇನ್ನೊಮ್ಮೆ ಅಳೆದು, ಎರಡರ ನಡುವಣ ಅಂತರ ಒಂದು ಇಂಚಾದರೆ ಎ, ಎರಡಾದರೆ ಬಿ, ಮೂರಾದರೆ ಸಿ, ನಾಲ್ಕಾದರೆ ಡಿ ಎಂದು ಹಿಡಿಯಬೇಕು. ಕೆಳಗಿನ ಅಳತೆಗೆ ನಾಲ್ಕೈದು ಇಂಚು ಕೂಡಿಸುವ ಹಳೆಯ ಲೆಕ್ಕವೊಂದುಂಟು. ಹಿಗ್ಗದ ಬಟ್ಟೆಯ ಕಾಲಕ್ಕೆ ಅದು ಯುಕ್ತವಾಗಿದ್ದಿರಬಹುದು, ಇಂದಿನ ಎಲಾಸ್ಟಿಕ್ ಪಟ್ಟಿಗೆ ಆ ಲೆಕ್ಕವನ್ನು ಹಚ್ಚಿದರೆ ಪಟ್ಟಿ ಸಡಿಲವಾಗಿ ಭಾರವೆಲ್ಲ ಹೆಗಲಿಗೆ ಬೀಳುತ್ತದೆ. ತಯಾರಕರ ಅಳತೆಗಳು ಒಂದರಂತೆ ಒಂದಿರುವುದಿಲ್ಲವಾದ್ದರಿಂದ ಈ ಗಣಿತವನ್ನು ಆರಂಭಕ್ಕೆ ಮಾತ್ರ ನೆಚ್ಚಬೇಕು. ಕೊನೆಯ ತೀರ್ಮಾನ ಮೈಯದು.

ಮೈಯ ತೀರ್ಮಾನವನ್ನು ಓದುವ ಜಾಣ್ಮೆಯನ್ನು ನಾನು ಕೇಳಿದ್ದು ಹೆಂಗಸರ ಬಾಯಿಂದಲೇ: ಮದುವೆಮನೆಗಳಲ್ಲಿ ಸೀರೆಯುಡುವ ಕೋಣೆಯಲ್ಲಿ, ನೌಕರಿಯ ಹುಡುಗಿಯರ ಹಾಸ್ಟೆಲುಗಳಲ್ಲಿ, ಸ್ತ್ರೀಶಕ್ತಿ ಸಂಘದ ಸಭೆ ಮುಗಿದು ಲೆಕ್ಕದ ಪುಸ್ತಕವನ್ನು ಮುಚ್ಚಿದ ಮೇಲಿನ ಬಿಡುವಿನಲ್ಲಿ. "ಹಿಂದಿನ ಪಟ್ಟಿ ಬೆನ್ನ ಮೇಲೆ ಏರ್ತಾ ಇದ್ರೆ ಅದು ದೊಡ್ಡದು ಕಣೇ, ಹೆಗಲಿನ ಪಟ್ಟಿ ಎಳೆದು ಎಳೆದು ಸಾಯಬೇಡ" ಎಂದು ನಾದಿನಿಗೆ ಬುದ್ಧಿ ಹೇಳುತ್ತಿದ್ದ ಅತ್ತಿಗೆಯೊಬ್ಬಳ ಮಾತಿನಲ್ಲಿ ಈ ಶಾಸ್ತ್ರದ ಅರ್ಧಭಾಗ ಅಡಗಿದೆ, ಏಕೆಂದರೆ ಭಾರದ ಬಹುಪಾಲನ್ನು ಹೊರಬೇಕಾದದ್ದು ಎದೆಯ ಸುತ್ತಣ ಪಟ್ಟಿಯೇ ಹೊರತು ಹೆಗಲಿನ ಪಟ್ಟಿಯಲ್ಲ. ಹೊಸದನ್ನು ಕೊಂಡಾಗ ಅತ್ಯಂತ ಸಡಿಲವಾದ ಕೊಕ್ಕೆಗೆ ಹಾಕಿದರೆ ಸರಿಯಾಗಿ ಕೂರುವಂಥದನ್ನೇ ಆರಿಸಬೇಕು, ಒಗೆದು ಒಗೆದು ಎಲಾಸ್ಟಿಕ್ ಹಿಗ್ಗಿದಂತೆ ಒಳಗಣ ಕೊಕ್ಕೆಗಳಿಗೆ ಸರಿಯಬೇಕು; ತೊಡುವಾಗ ಮುಂದಕ್ಕೆ ಬಾಗಿ, ಕಂಕುಳ ಕಡೆಗೆ ಸರಿದ ಭಾಗವನ್ನೂ ಕೈಯಿಂದ ಒಳಕ್ಕೆ ಕೂರಿಸಿಕೊಳ್ಳಬೇಕು; ಕೈಗಳನ್ನು ಮೇಲೆತ್ತಿದಾಗ ಅಡಿಯಿಂದ ಜಾರಬಾರದು; ನಡುವಿನ ಭಾಗ ಎದೆಮೂಳೆಗೆ ತಾಗಿ ಕೂರಬೇಕು. ಪಟ್ಟಿ ಸಡಿಲವೆಂದು ಒಂದು ಅಳತೆ ಕೆಳಗಿಳಿದಾಗ ಅಕ್ಷರವನ್ನು ಒಂದು ಮೆಟ್ಟಿಲು ಏರಿಸಬೇಕೆಂಬುದನ್ನು, ಅಂದರೆ 34ಬಿ ಮತ್ತು 32ಸಿಗಳ ಬಟ್ಟಲು ಹೆಚ್ಚುಕಡಮೆ ಒಂದೇ ಎಂಬುದನ್ನು, ತಿಳಿಯದವರೇ ಹೆಚ್ಚು. ಎರಡು ಸ್ತನಗಳು ಸಮನಾಗಿಲ್ಲವೆಂದು ಒಳಗೊಳಗೇ ಕೊರಗುವ ಹುಡುಗಿಯರಿಗೆ, ಬಹುತೇಕ ಸ್ತ್ರೀಯರ ಮೈಯ ಸಹಜಸ್ಥಿತಿ ಅದೇ, ದೊಡ್ಡದಕ್ಕೆ ಹೊಂದುವಂತೆ ಆರಿಸಿದರೆ ಸಾಕು ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ಎಷ್ಟು ವರ್ಷಗಳ ವ್ಯಥೆ ತಪ್ಪುತ್ತಿತ್ತು!

ಬಸುರಿನ ಕಾಲದಲ್ಲಿ ಈ ಅಳತೆಯೆಲ್ಲ ಮತ್ತೆ ಬದಲಾಗುತ್ತದೆ. ಹಾಲೂಡುವ ಬಾಣಂತಿಗೆಂದೇ ಮುಂಭಾಗ ತೆರೆಯುವ ಬ್ರಾಗಳು ಈಗ ಸಣ್ಣ ಊರುಗಳಲ್ಲಿಯೂ ದೊರೆಯುತ್ತವೆ. ಆದರೆ ಅವನ್ನು ಹೆರಿಗೆಗೆ ಮುಂಚೆಯೇ ಅರ್ಧ ಡಜನ್ ಕೊಂಡಿಟ್ಟುಕೊಳ್ಳುವುದು ವಿವೇಕವಲ್ಲ. ಕೊನೆಯ ತಿಂಗಳಲ್ಲಿ, ಬಟ್ಟಲಿನಲ್ಲಿ ತುಸು ಎಡೆ ಉಳಿಯುವಂತಹ ಒಂದೆರಡನ್ನು ತಂದಿಟ್ಟು, ಹೆರಿಗೆಯಾಗಿ ಎರಡು ಮೂರು ವಾರಗಳಲ್ಲಿ ಹಾಲಿನ ಏರಿಳಿತ ಒಂದು ಹದಕ್ಕೆ ಬಂದ ಮೇಲೆ ಮತ್ತೊಮ್ಮೆ ಅಳೆದು ಉಳಿದವನ್ನು ಕೊಳ್ಳುವುದು ಮೇಲು. ಒಂದು ತೋಳಿನಲ್ಲಿ ಕೂಸು ಇರುವಾಗ ಇನ್ನೊಂದೇ ಕೈಯಿಂದ ಅದರ ಕ್ಲಿಪ್ಪನ್ನು ಬಿಚ್ಚಿ ಹಾಕಲು ಬರುವುದೋ ಎಂದು ನೋಡಿಕೊಳ್ಳಬೇಕು. ಬಿಗಿಯಾದ ಬ್ರಾ, ಒತ್ತುವ ತಂತಿ, ರಾತ್ರಿಯೂ ಬಿಚ್ಚದ ಕಟ್ಟು ಇವು ಹಾಲಿನ ನಾಳಗಳನ್ನು ಅದುಮಿ ಹಾಲು ಕಟ್ಟುವುದಕ್ಕೆ ದಾರಿಮಾಡುತ್ತವೆ. ಒಳಗಿಟ್ಟ ಬಟ್ಟೆಯಾಗಲಿ ಪ್ಯಾಡಾಗಲಿ ಒದ್ದೆಯಾದೊಡನೆ ಬದಲಾಯಿಸದಿದ್ದರೆ ತೊಟ್ಟಿನ ಚರ್ಮ ಮೆತ್ತಗಾಗಿ ಬಿರಿಯುತ್ತದೆ. ಉಡುಪಿನ ಮಾತು ಇಲ್ಲಿ ಹಾಲಿನ ಮಾತಿಗೆ ಬಂದು ಸೇರುತ್ತದೆ.

ನಮ್ಮ ನಾಡಿನ ಬಾಣಂತನ ಒಂದು ಮಹತ್ತಾದ ವ್ಯವಸ್ಥೆ. ಅದನ್ನು ಮೂಢನಂಬಿಕೆಗಳ ಮೂಟೆಯೆಂದು ಹಳಿಯುವವರ ಪಕ್ಷ ನನ್ನದಲ್ಲ. ಹೆತ್ತವಳು ತವರಿನಲ್ಲಿ, ತಾಯಿ ಅಜ್ಜಿ ಚಿಕ್ಕಮ್ಮಂದಿರ ನಡುವೆ, ಎಣ್ಣೆನೀರು ಮಾಡಿಸಿಕೊಂಡು, ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿಯ ಸಾರು, ಅಂಟಿನುಂಡೆಗಳ ಆರೈಕೆಯಲ್ಲಿ, ಮನೆಗೆಲಸದ ಚಿಂತೆಯಿಲ್ಲದೆ ಕೂಸಿನ ಬಳಿ ಮಲಗಿರುವ ಆ ದಿನಗಳು ಹಾಲಿಗೆ ಎಷ್ಟು ಸಹಕಾರಿಯೆಂಬುದನ್ನು ಇಂದಿನ ವೈದ್ಯವೂ ಒಪ್ಪುತ್ತದೆ. ಕೋಪ, ಶೋಕ, ವಾತ್ಸಲ್ಯದ ಅಭಾವ ಇವುಗಳಿಂದ ತಾಯಿಯ ಹಾಲು ನಶಿಸುವುದೆಂದು ಸುಶ್ರುತಸಂಹಿತೆ ಹೇಳಿತು. ಹಾಲನ್ನು ಉತ್ಪಾದಿಸುವ ಪ್ರೊಲ್ಯಾಕ್ಟಿನ್, ಅದನ್ನು ಹೊರಕ್ಕೆ ತಳ್ಳುವ ಆಕ್ಸಿಟೋಸಿನ್ ಎಂಬ ಎರಡು ಹಾರ್ಮೋನುಗಳಲ್ಲಿ ಎರಡನೆಯದು ಭಯ ಆತಂಕಗಳಿಂದ ತಡೆಗೊಳ್ಳುವುದೆಂದು ನಮ್ಮ ಕಾಲದ ಶರೀರಶಾಸ್ತ್ರ ಹೇಳುತ್ತದೆ. ಆದರೂ ಆ ಕೋಣೆಯಲ್ಲಿ ಪೋಷಿತವಾದ ಕೆಲವು ನಡವಳಿಕೆಗಳು ತಾಯಿಮಕ್ಕಳಿಗೆ ಕೇಡನ್ನೇ ಮಾಡಿವೆಯೆಂದು ಹೇಳದಿದ್ದರೆ ಅದು ಪ್ರಾಮಾಣಿಕತೆಯಾಗದು. ಮೊದಲೆರಡು ದಿನಗಳ ಹಳದಿ ಬಣ್ಣದ ಗಟ್ಟಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು, ಕೂಸಿನ ನಾಲಗೆಗೆ ಜೇನುತುಪ್ಪ ಸಕ್ಕರೆನೀರುಗಳನ್ನು ತಾಗಿಸುವುದು, ಬಾಣಂತಿಗೆ ನೀರು ಕುಡಿಯಗೊಡದಿರುವುದು ಇವನ್ನು ಪ್ರೀತಿಯಿಂದಲೇ ಮಾಡಿದರೂ ತಪ್ಪು ತಪ್ಪೇ. ಆ ಹಳದಿ ಹಾಲು ಪ್ರಮಾಣದಲ್ಲಿ ಅಲ್ಪ, ಸತ್ತ್ವದಲ್ಲಿ ಅಪಾರ; ರೋಗನಿರೋಧಕ ಶಕ್ತಿಯನ್ನು ಕೂಸಿಗೆ ಮೊದಲು ಕೊಡುವುದು ಅದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ಶೇಕಡ 41.8 ಮಾತ್ರ. ಹೆರಿಗೆಗಳಲ್ಲಿ ಬಹುಪಾಲು ಆಸ್ಪತ್ರೆಗಳಲ್ಲಿಯೇ ಆಗುತ್ತಿರುವ ಕಾಲದಲ್ಲಿ ಈ ಲೋಪವನ್ನು ಅಜ್ಜಿಯರ ಮೇಲಷ್ಟೇ ಹೊರಿಸುವಂತಿಲ್ಲ.

ಮೊದಲ ವಾರದ ನೋವಿಗೆ ಮುಖ್ಯ ಕಾರಣ ಕೂಸಿನ ಬಾಯಿ ತೊಟ್ಟನ್ನಷ್ಟೇ ಹಿಡಿಯುವುದು. ಅನೇಕ ಬಾಣಂತನಗಳನ್ನು ಮಾಡಿಸಿದ ವೃದ್ಧೆಯೊಬ್ಬರು ತಮ್ಮ ಮೊಮ್ಮಗಳ ಪಕ್ಕದಲ್ಲಿ ಕುಳಿತು ಕಲಿಸುತ್ತಿದ್ದ ರೀತಿ ನನ್ನ ನೆನಪಿನಲ್ಲಿದೆ. "ನೀನು ಬಗ್ಗಿ ಅದರ ಬಾಯಿಗೆ ತುರುಕಬೇಡ ಮಗಳೇ, ಬೆನ್ನು ಹೋಗುತ್ತೆ. ಒರಗಿ ಕೂತ್ಕೊ. ಕೂಸಿನ ಹೊಟ್ಟೆ ನಿನ್ನ ಹೊಟ್ಟೆಗೆ ತಾಗಲಿ. ತುಟಿಗೆ ತೊಟ್ಟು ಸವರು. ಬಾಯಿ ಆಕಳಿಸೋ ಹಾಗೆ ಅಗಲವಾಗಿ ತೆರೆಯೋ ತನಕ ಕಾಯಿ. ಆಮೇಲೆ ಕೂಸನ್ನ ಎದೆಗೆ ತಾ." ತೊಟ್ಟಿನ ಸುತ್ತಣ ಕಪ್ಪುಭಾಗ, ಅದರಲ್ಲಿಯೂ ಕೆಳಗಿನದು, ಹೆಚ್ಚಾಗಿ ಬಾಯೊಳಗೆ ಹೋಗಬೇಕು, ಗದ್ದ ಸ್ತನಕ್ಕೆ ತಾಗಿರಬೇಕು, ಕೆಳತುಟಿ ಹೊರಕ್ಕೆ ಮಡಿಚಿರಬೇಕು, ಕಿವಿ, ಭುಜ, ಸೊಂಟಗಳು ಒಂದೇ ನೇರದಲ್ಲಿರಬೇಕು. ನೋವಾದರೆ ಎಳೆದು ಬಿಡಿಸದೆ, ಬಾಯಿಯ ಮೂಲೆಯಲ್ಲಿ ಶುಚಿಯಾದ ಕಿರುಬೆರಳನ್ನಿಟ್ಟು ಬಿಡಿಸಿ ಮತ್ತೆ ಹಿಡಿಸಬೇಕು. ಪುಸ್ತಕಗಳಲ್ಲಿ ಚಿತ್ರಸಹಿತ ಬರೆದದ್ದನ್ನು ಆ ಹಿರಿಯಾಕೆ ಓದಿರಲಿಲ್ಲ. ಆದರೆ ಪುಸ್ತಕ ಮಾಡಲಾರದ ಒಂದು ಕೆಲಸವನ್ನು ಅವರು ಮಾಡಿದರು, ಕಲಿಯುವವಳ ಮೊಣಕೈಯ ಕೆಳಗೆ ತಮ್ಮ ಕೈಯನ್ನು ಕೊಟ್ಟರು.

ತೊಟ್ಟೇ ಒಳಕ್ಕೆ ಸೇದಿಕೊಂಡಿದ್ದರೆ? ಈ ಪ್ರಶ್ನೆಗೆ ಒಂದು ಉತ್ತರ ದೊರೆತದ್ದು ನಮ್ಮ ದಾವಣಗೆರೆಯಲ್ಲಿ ಎಂಬ ಸಂಗತಿ ಕನ್ನಡಿಗರಲ್ಲಿಯೇ ಎಷ್ಟು ಜನಕ್ಕೆ ಗೊತ್ತಿದೆಯೋ ಕಾಣೆ. ಅಲ್ಲಿಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಮಕ್ಕಳ ತಜ್ಞೆ ಡಾ. ನಿರ್ಮಲಾ ಕೇಸರಿಯವರೂ ಅವರ ಸಹೋದ್ಯೋಗಿಗಳೂ, ಎಲ್ಲ ಔಷಧದಂಗಡಿಗಳಲ್ಲಿಯೂ ಸಿಗುವ ಪ್ಲಾಸ್ಟಿಕ್ ಸಿರಿಂಜೊಂದರಿಂದ ಈ ಕಷ್ಟವನ್ನು ಪರಿಹರಿಸುವ ವಿಧಾನವನ್ನು 1993ರಲ್ಲಿ 'ಜರ್ನಲ್ ಆಫ್ ಹ್ಯೂಮನ್ ಲ್ಯಾಕ್ಟೇಶನ್' ಎಂಬ ಅಂತರರಾಷ್ಟ್ರೀಯ ನಿಯತಕಾಲಿಕೆಯಲ್ಲಿ ಪ್ರಕಟಿಸಿದರು. ಸಿರಿಂಜಿನ ಸೂಜಿ ಸಿಕ್ಕಿಸುವ ತುದಿಯನ್ನು ಕತ್ತರಿಸಿ, ಒಳಗಿನ ದಂಡವನ್ನು ಹೊರತೆಗೆದು, ಕತ್ತರಿಸಿದ ಕಡೆಯಿಂದ ಅದನ್ನು ಮತ್ತೆ ತೂರಿಸಿದರೆ, ಕತ್ತರಿಸದ ನುಣುಪಾದ ಅಂಚು ಸ್ತನದ ಮೇಲೆ ಕೂರಲು ಒದಗುತ್ತದೆ. ಆ ಅಂಚನ್ನು ತೊಟ್ಟಿನ ಸುತ್ತ ಇಟ್ಟು ದಂಡವನ್ನು ಮೆಲ್ಲಗೆ ಎಳೆದರೆ ತೊಟ್ಟು ಹೊರಬರುತ್ತದೆ. ಅರ್ಧದಿಂದ ಒಂದು ನಿಮಿಷ ಹಾಗೆಯೇ ಹಿಡಿದು, ಸಡಿಲಿಸಿ, ಕೂಡಲೇ ಕೂಸಿಗೆ ಹಿಡಿಸಬೇಕು. ಎಳೆಯುವವಳು ತಾಯಿಯೇ ಆಗಿರಬೇಕು, ಏಕೆಂದರೆ ಎಷ್ಟಕ್ಕೆ ನೋವೆಂಬುದು ಅವಳಿಗೆ ಮಾತ್ರ ಗೊತ್ತು. ಕೆಲವೇ ರೂಪಾಯಿಗಳ ಈ ಉಪಾಯ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್‌ಗಳ ಸ್ತನ್ಯಪಾನ ತರಬೇತಿಯ ಪಾಠದಲ್ಲಿಯೂ ಸ್ಥಾನ ಪಡೆದಿದೆ. ಹಾಲು ಬತ್ತಿದ ತಾಯಂದಿರಲ್ಲಿ ಮತ್ತೆ ಹಾಲು ಬರಿಸುವ ಕೆಲಸವನ್ನೂ ಇದೇ ವೈದ್ಯಬಳಗ ಕೈಗೊಂಡು, ಕೂಸು ಚೀಪುವಾಗ ಮೇಲಿನಿಂದ ಸ್ತನದ ಮೇಲೆ ಹನಿಹನಿಯಾಗಿ ಹಾಲು ಬಿಟ್ಟು, ಅದು ಬೇಸರಿಸದೆ ಚೀಪುತ್ತಿರುವಂತೆ ಮಾಡುವ ಕ್ರಮವನ್ನು ಬಳಕೆಗೆ ತಂದಿತು. ಬೆಲೆಬಾಳುವ ಯಂತ್ರಗಳಿಲ್ಲದ ಊರಿನಲ್ಲಿ, ಬಡ ತಾಯಂದಿರ ಮಂಚದ ಪಕ್ಕದಲ್ಲಿ ನಿಂತು, ಅವರ ಮಾತನ್ನು ಕೇಳಿ, ಕೈಗೆ ಸಿಕ್ಕ ವಸ್ತುವಿನಿಂದ ಪರಿಹಾರ ಕಂಡ ಈ ವೈದ್ಯರ ಕಾರ್ಯವನ್ನು ನಾನು ನಮ್ಮ ನಾಡಿನ ನಿಜವಾದ ವಿದ್ವತ್ತೆಂದು ಭಾವಿಸುತ್ತೇನೆ.

ಬಾಣಂತಿಯನ್ನು ನೋಡಬಂದವರು ಕೇಳುವ ಮೊದಲ ಪ್ರಶ್ನೆ "ಹಾಲು ಸಾಲುತ್ತದೆಯೇನಮ್ಮ?" ಎಂಬುದು. ಈ ಪ್ರಶ್ನೆಯಷ್ಟು ಎದೆಗುಂದಿಸುವುದು ಬೇರೊಂದಿಲ್ಲ. ಹೆಚ್ಚಿನ ತಾಯಂದಿರಲ್ಲಿ ಹಾಲು ತುಂಬಿಬರುವುದು ಹೆರಿಗೆಯ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ. ಅದುವರೆಗೆ ಕೂಸು ತೂಕದಲ್ಲಿ ತುಸು ಇಳಿಯುವುದೂ, ಎರಡು ವಾರಗಳ ಸುಮಾರಿಗೆ ಹುಟ್ಟುತೂಕಕ್ಕೆ ಮರಳುವುದೂ ಪ್ರಕೃತಿನಿಯಮ. ದಿನರಾತ್ರಿಗಳಲ್ಲಿ ಎಂಟರಿಂದ ಹನ್ನೆರಡು ಸಲ ಮೊಲೆ ಕೇಳುವ ಕೂಸು ಹಸಿದು ಸೊರಗಿದ್ದೇನೂ ಅಲ್ಲ. ಅದು ಚೀಪಿ ಖಾಲಿಮಾಡಿದಷ್ಟೂ ಹಾಲು ಹೆಚ್ಚುತ್ತದೆ, ಮತ್ತು ರಾತ್ರಿಯ ಹಾಲೂಡಿಕೆ ಈ ಹೆಚ್ಚಳಕ್ಕೆ ವಿಶೇಷ ನೆರವು. ಮೊದಲ ವಾರದ ಕೊನೆಗೆ ದಿನಕ್ಕೆ ಆರು ಬಾರಿಗೆ ಕಡಮೆಯಿಲ್ಲದಂತೆ ಮೂತ್ರ ಮಾಡುತ್ತ, ತೂಕ ಏರುತ್ತ ಇರುವ ಮಗುವಿಗೆ ಹಾಲು ಸಾಲುತ್ತಿದೆಯೆಂದೇ ತಿಳಿಯಬೇಕು. ಇದನ್ನು ಹೇಳುವವರಿಲ್ಲದೆ ಅಂಜಿದ ಮನೆಗೆ ಡಬ್ಬಿಯ ಹಾಲು ಪ್ರವೇಶಿಸುತ್ತದೆ. ಡಬ್ಬಿಯಿಂದ ಹೊಟ್ಟೆ ತುಂಬಿದ ಕೂಸು ಎದೆಯನ್ನು ಕಡಮೆ ಚೀಪುತ್ತದೆ. ಕಡಮೆ ಚೀಪಿದ್ದರಿಂದ ಹಾಲು ನಿಜವಾಗಿಯೂ ಇಳಿಯುತ್ತದೆ. ಶಿಶುಆಹಾರದ ಡಬ್ಬಿ ಮತ್ತು ಬಾಟಲಿಗಳ ಪ್ರಚಾರವನ್ನು ನಮ್ಮ ದೇಶ 1992ರ ಕಾಯಿದೆಯಿಂದ ನಿರ್ಬಂಧಿಸಿ 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿದ್ದು ಈ ಅಪಾಯವನ್ನು ಅರಿತೇ.

ಎದೆ ಕಟ್ಟಿದಾಗಿನ ಉಪಚಾರದಲ್ಲಂತೂ ಹಳೆಯವರೂ ಹೊಸಬರೂ ತಿದ್ದಿಕೊಳ್ಳಬೇಕಾದದ್ದಿದೆ. ಬಿಸಿನೀರಿನ ಶಾಖ ಕೊಟ್ಟು, ಗಂಟುಗಳನ್ನು ಬಲವಾಗಿ ಉಜ್ಜಿ, ಹಿಂಡಿ ತೆಗೆಯಬೇಕೆಂಬುದು ಬಹುಕಾಲದ ವಾಡಿಕೆ. ಸ್ತನ್ಯಪಾನ ವೈದ್ಯರ ಅಂತರರಾಷ್ಟ್ರೀಯ ಅಕಾಡೆಮಿ 2022ರಲ್ಲಿ ಹೊರಡಿಸಿದ ಸೂಚನೆಯಂತೆ, ಬಲವಾದ ತಿಕ್ಕಾಟ ಒಳಗಿನ ಊತವನ್ನು ಹೆಚ್ಚಿಸುತ್ತದೆ. ತಣ್ಣನೆಯ ಬಟ್ಟೆಯನ್ನಿಟ್ಟು, ಕೂಸು ಕೇಳಿದಷ್ಟು ಊಡುತ್ತ, ಸ್ತನವನ್ನು ಪೂರ್ತಿ ಖಾಲಿಮಾಡುವ ಹಟವನ್ನು ಬಿಡುವುದು ಲೇಸು. ಕೆಂಪಾದ ಬಿಸಿ ತೇಪೆ, ಚಳಿಜ್ವರಗಳು ಕಂಡು ಒಂದು ದಿನದಲ್ಲಿ ಇಳಿಯದಿದ್ದರೆ ಮನೆಮದ್ದನ್ನು ಬಿಟ್ಟು ವೈದ್ಯರ ಬಳಿಗೆ ಹೋಗಲೇಬೇಕು. ಹೋದಮೇಲೂ ಹಾಲೂಡುವುದನ್ನು ನಿಲ್ಲಿಸಬೇಕಾಗಿಲ್ಲ.

ಏನು ಮಾಡಿದರೂ ಸಾಕಷ್ಟು ಹಾಲು ಬಾರದ ತಾಯಂದಿರೂ ಇದ್ದಾರೆ. ಥೈರಾಯ್ಡಿನ ದೋಷ, ಸ್ತನದ ಶಸ್ತ್ರಚಿಕಿತ್ಸೆ, ಹಾಲಿನ ಗ್ರಂಥಿಗಳೇ ಕಡಮೆ ಬೆಳೆದಿರುವುದು ಇವು ಅವರ ಅಪರಾಧಗಳಲ್ಲ. ಅವರಿಗೆ ಉಪದೇಶಕ್ಕಿಂತ ಉಪಕಾರ ಬೇಕು. ವೈದ್ಯರ ಸಲಹೆಯಂತೆ ಬೇರೆ ಹಾಲನ್ನು ಕೊಡಬೇಕಾದಾಗ ಬಾಟಲಿಗೆ ಬದಲಾಗಿ ನಮ್ಮ ಹಿರಿಯರ ಒಳಲೆ ಇದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ದಕ್ಷಿಣಭಾರತದ ಆಸ್ಪತ್ರೆಗಳು ಈ ಮೂತಿಯುಳ್ಳ ಪುಟ್ಟ ಪಾತ್ರೆಯನ್ನು ಇಂದಿಗೂ ಬಳಸುತ್ತವೆ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರು ಸ್ಥಾಪಿಸಿದ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕಿನ ಮಾದರಿಯನ್ನು ಅನುಸರಿಸಿದ ಬ್ಯಾಂಕುಗಳು ಈಗ ಬೆಂಗಳೂರಿನಲ್ಲಿಯೂ ಇವೆ; ಒಬ್ಬಳ ಹೆಚ್ಚುವರಿ ಹಾಲು ಅಲ್ಲಿ ಮತ್ತೊಬ್ಬಳ ಕೂಸನ್ನು ಉಳಿಸುತ್ತಿದೆ.

ಹೆಂಗಸರು ಕೂಡಿ ಮಾತಾಡುವುದರಿಂದ ಏನಾದೀತೆಂದು ಸಂದೇಹಿಸುವವರು ಅಮೆರಿಕದ ಒಂದು ದೃಷ್ಟಾಂತವನ್ನು ನೋಡಬಹುದು. ಬಾಟಲಿಹಾಲೇ ನಾಗರಿಕತೆಯೆಂದು ಅಲ್ಲಿಯ ಆಸ್ಪತ್ರೆಗಳು ನಂಬಿದ್ದ ಕಾಲದಲ್ಲಿ, 1956ರಲ್ಲಿ, ಇಲಿನಾಯ್ ಪ್ರಾಂತದ ಫ್ರಾಂಕ್ಲಿನ್ ಪಾರ್ಕಿನಲ್ಲಿ ಏಳು ಮಂದಿ ತಾಯಂದಿರು, ನೆರೆಹೊರೆಯ ಬಾಣಂತಿಯರಿಗೆ ತಾವು ಬಲ್ಲದ್ದನ್ನು ಹೇಳಿಕೊಡಲೆಂದು ಒಂದು ಮನೆಯ ಕೂಟವನ್ನು ಆರಂಭಿಸಿದರು. ಲಾ ಲೆಚೆ ಲೀಗ್ ಎಂಬ ಹೆಸರಿನಿಂದ ಆ ಕೂಟ ಇಂದು ಹಲವು ದೇಶಗಳಲ್ಲಿ ಹಬ್ಬಿದೆ. ನಮ್ಮಲ್ಲಿ ಅದಕ್ಕಿಂತ ಹೆಚ್ಚಿನ ಅನುಕೂಲವೇ ಉಂಟು. ಆಸ್ಪತ್ರೆಯಲ್ಲಿ ಹೆತ್ತ ಪ್ರತಿಯೊಬ್ಬಳ ಮನೆಗೂ ಆಶಾ ಕಾರ್ಯಕರ್ತೆ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದವರೆಗೆ ಆರು ಸಲ ಬರಬೇಕೆಂಬ ನಿಯಮವಿದೆ. ಬಂದವಳು ತಾಯಿ ಕಾರ್ಡನ್ನು ತುಂಬಿ ಹೊರಡುವ ಬದಲು ಅರ್ಧ ಗಂಟೆ ಬಾಣಂತಿಯ ಪಕ್ಕದಲ್ಲಿ ಕುಳಿತು ಒಂದು ಹಾಲೂಡಿಕೆಯನ್ನು ಆದ್ಯಂತ ನೋಡುವಷ್ಟು ಬಿಡುವನ್ನೂ, ಅದಕ್ಕೆ ತಕ್ಕ ಸಂಬಳವನ್ನೂ ಸರ್ಕಾರ ಅವಳಿಗೆ ಕೊಡಬೇಕು. ಅಂಗಡಿಯವರು ಒಂದು ಪರದೆ, ಒಂದು ಟೇಪು, ಅಳೆಯಬಲ್ಲ ಒಬ್ಬಳು ಹೆಣ್ಣುಮಗಳು ಇವನ್ನು ಇರಿಸಬೇಕು. ಇದನ್ನು ಓದುತ್ತಿರುವ ಅಕ್ಕತಂಗಿಯರಲ್ಲಿ ನನ್ನ ಬಿನ್ನಹ ಇಷ್ಟು: ಮುಂದಿನ ಸಲ ಬಾಣಂತಿಯನ್ನು ನೋಡಹೋದಾಗ ಹಾಲು ಸಾಲುತ್ತದೆಯೇ ಎಂದು ಕೇಳಬೇಡಿ, ನೋಯುತ್ತಿದೆಯೇ ಎಂದು ಕೇಳಿ, ಬಾಗಿಲನ್ನು ಮುಂದೆಮಾಡಿ, ಅವಳ ಪಕ್ಕದಲ್ಲಿ ಕುಳಿತು ನಿಮಗೆ ಗೊತ್ತಿರುವುದನ್ನು ಹೇಳಿಕೊಡಿ.